ಗುಳೆ ಹೋಗುವವರ ಹೆಸರು ಬರೆದಿಡಿ: ಮುಖ್ಯಮಂತ್ರಿಗಳಿಗೆ ಸುರಪುರ ತಾಲ್ಲೂಕಿನಿಂದ ಒಂದು ಪತ್ರ

ಮಾನ್ಯ ಮುಖ್ಯಮಂತ್ರಿಗಳೇ,

ನಮಸ್ಕಾರ. ನಾನು ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಒಂದು ಹಳ್ಳಿಯವನು. ಪಕ್ಕದ ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕನಾಗಿ ಕನ್ನಡ ಕಲಿಸುತ್ತೇನೆ. ಈ ಪತ್ರವನ್ನು ಹಾಜರಿ ಪುಸ್ತಕ ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಒಂಬತ್ತನೇ ತರಗತಿಯಲ್ಲಿ ಜೂನ್ ತಿಂಗಳಲ್ಲಿ 46 ಮಕ್ಕಳಿದ್ದರು. ದಸರಾ ರಜೆ ಮುಗಿಸಿ ಬಂದವರು 43. ದೀಪಾವಳಿ ಆದ ಮೇಲೆ 38. ಎಳ್ಳ ಅಮಾಸಿ ಹೊತ್ತಿಗೆ 31. ಉಳಿದವರು ಮನೆಯವರ ಜೊತೆ ಗುಳೆ, ಅಂದರೆ ಕೂಲಿಗಾಗಿ ಊರು ಬಿಟ್ಟು ಹೋದವರು. ಹೆಸರು ಹೊಡೆದು ಹಾಕುವ ಹಾಗಿಲ್ಲ, ಯುಗಾದಿಗೆ ಬಂದೇ ಬರುತ್ತಾರೆ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಹೆಸರು ಇರುತ್ತದೆ, ಅದರ ಮುಂದೆ ದಿನದಿನಕ್ಕೂ ಗೈರುಹಾಜರಿ ಬರೆಯುತ್ತಾ ಹೋಗುತ್ತೇನೆ.

ಹೋಗುವ ಹಿಂದಿನ ದಿನ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಇನ್ನೂರು ಪುಟದ ಹೊಸ ನೋಟ್‌ಬುಕ್. "ಸರ್, ಯುಗಾದಿ ತನಕ ಏನೇನ್ ಪಾಠ ಆಗ್ತಾವ ಬರದ್ ಕೊಡ್ರಿ. ಅಲ್ಲೇ ಓದ್ಕೋತೀನಿ" ಅಂದಳು. ಎಲ್ಲಿಗೆ ಹೊರಟಿದ್ದೀಯವ್ವ ಅಂತ ಕೇಳಿದೆ. ಪುಣೆ ಹತ್ತಿರ ವಾಘೋಲಿ. ಅಪ್ಪ, ಅವ್ವ, ಅಣ್ಣ, ಅತ್ತಿಗೆ ಎಲ್ಲರೂ ಕಟ್ಟಡದ ಕೆಲಸಕ್ಕೆ. ಅತ್ತಿಗೆಯ ಎಂಟು ತಿಂಗಳ ಕೂಸನ್ನು ನೋಡಿಕೊಳ್ಳಲು ಮತ್ತು ರೊಟ್ಟಿ ಬಡಿಯಲು ಈಕೆ. ನಾನು ಮೊದಲನೇ ಪುಟದಲ್ಲಿ ಪಾಠದ ಹೆಸರು, ಪುಟದ ನಂಬರು ಎಲ್ಲ ಬರೆದು ಕೊಟ್ಟೆ. ಬರೆಯುವಾಗ ಕೈ ನಡುಗಿತು, ಸುಳ್ಳು ಹೇಳುವುದಿಲ್ಲ. ಯಾಕೆಂದರೆ ಕೂಲಿಯವರು ಇರುವ ಅಂಥದೇ ತಗಡಿನ ಶೆಡ್ಡಿನಲ್ಲಿ, ಅದೇ ತರಹದ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಅಕ್ಕನ ಓದು ಏಳನೇ ತರಗತಿಗೆ ನಿಂತಿತ್ತು.

ನಾನು ಓದಿದ್ದು ಹೇಗೆ ಅಂದರೆ, ನನ್ನ ಅಮ್ಮ, ಅಂದರೆ ಅಪ್ಪನ ತಾಯಿ, ನನ್ನನ್ನು ಕಳಿಸಲಿಲ್ಲ. "ಇವ ಒಬ್ಬ ನನ್ ಹತ್ತಿರ ಇರ್ಲಿ" ಅಂತ ಹಟ ಹಿಡಿದಳು. ಮನೆಯವರೆಲ್ಲ ಹೊರಟ ಮೇಲೆ ಆಕೆ ಪಕ್ಕದ ಮೂರು ಮನೆಗಳ ಕೀಲಿಕೈಯನ್ನೂ ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಆಕೆ ಓಣಿಯಲ್ಲಿ ನಡೆದರೆ ಆ ಕೀಲಿಕೈಗಳ ಸಪ್ಪಳ ಕೇಳುತ್ತಿತ್ತು. ನಮ್ಮ ಓಣಿಯಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬೇರೆ ಸಪ್ಪಳ ಇರುತ್ತಿರಲಿಲ್ಲ. ಎಷ್ಟೋ ಬಾಗಿಲಿಗೆ ಕೀಲಿ ಹಾಕಿ, ದನ ನುಗ್ಗದಂತೆ ಜಾಲಿ ಮುಳ್ಳು ಅಡ್ಡ ಇಟ್ಟು ಹೋಗಿರುತ್ತಿದ್ದರು. ಈಗಲೂ ಹಾಗೆಯೇ.

ನಮ್ಮ ಕಡೆ ಇದಕ್ಕೆ ಗುಳೆ ಅನ್ನುತ್ತೇವೆ. ಬೆಂಗಳೂರಿನ ಪತ್ರಿಕೆಗಳಲ್ಲಿ ಅದನ್ನು ವಲಸೆ ಅಂತ ಬರೆಯುತ್ತಾರೆ. ಎರಡೂ ಒಂದೇ ಅಂತ ನನಗೆ ಅನ್ನಿಸುವುದಿಲ್ಲ. ಇಂಜಿನಿಯರಿಂಗ್ ಓದಿದ ಹುಡುಗ ಜಾಸ್ತಿ ಸಂಬಳಕ್ಕೆ ಪುಣೆಗೋ ಅಮೆರಿಕಕ್ಕೋ ಹೋದರೆ ಅದು ವಲಸೆ. ಮನೆಗೆ ಕೀಲಿ ಹಾಕಿ, ಜೋಳದ ಚೀಲ, ಹಂಚು, ಕೊಡ, ಕೌದಿ, ಕೂಸು ಎಲ್ಲವನ್ನೂ ಟಂಟಂಗೆ ಹೇರಿಕೊಂಡು ಯಾದಗಿರಿ ಸ್ಟೇಷನ್ನಿಗೆ ಹೋಗಿ, ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿಯ ಬಾಗಿಲಲ್ಲಿ ಜಾಗ ಹಿಡಿಯುವುದು ಗುಳೆ.

ಇದು ನಿನ್ನೆ ಮೊನ್ನೆಯ ಕಥೆಯೂ ಅಲ್ಲ. 1972ರ ಬರಗಾಲದಲ್ಲಿ ನಮ್ಮೂರಿನಿಂದ ಮುಂಬೈಗೆ ಹೋದವರಲ್ಲಿ ಕೆಲವರು ತಿರುಗಿ ಬರಲೇ ಇಲ್ಲ ಅಂತ ಅಮ್ಮ ಹೇಳುತ್ತಿದ್ದಳು. ಅದಕ್ಕೂ ಮುಂಚೆ ನನ್ನ ಮುತ್ತಜ್ಜ ಕೆಲಸ ಹುಡುಕಿ ಹೈದರಾಬಾದಿಗೆ ಹೋಗುತ್ತಿದ್ದನಂತೆ. ಆಗ ಅದು ಬೇರೆ ರಾಜ್ಯ ಆಗಿರಲಿಲ್ಲ, ನಮ್ಮದೇ ರಾಜಧಾನಿ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಕನ್ನಡದ ನಾಡಿಗೆ ಸೇರಿದ್ದು ನಮಗೆ ಹೆಮ್ಮೆ, ಇವತ್ತಿಗೂ ಹೆಮ್ಮೆ. ಆದರೆ ಹೊಸ ರಾಜಧಾನಿ ದೂರವಾಯಿತು. ಹಳೆಯ ರಾಜಧಾನಿ ಗಡಿಯ ಆಚೆ ಉಳಿಯಿತು. ಕೂಲಿಗೆ ಹೋಗುವ ಕಾಲುಗಳು ಹಳೆಯ ದಾರಿಯಲ್ಲೇ ನಡೆದವು: ಹೈದರಾಬಾದ್, ಸೊಲ್ಲಾಪುರ, ಪುಣೆ, ಮುಂಬೈ. ನಕ್ಷೆಯಲ್ಲಿ ಗೆರೆ ಎಳೆದ ಮೇಲೆ ನಾವು ಅಲ್ಲಿ ಪರರಾಜ್ಯದವರಾದೆವು.

ನಮ್ಮ ಭೂಮಿ ಬರಡು ಅಂತ ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಕೃಷ್ಣೆ ನಮ್ಮ ತಾಲ್ಲೂಕಿನ ಅಂಚಿನಲ್ಲೇ ಹರಿಯುತ್ತಾಳೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. ನಾರಾಯಣಪುರದ ಬಸವಸಾಗರ ಕಟ್ಟಿ, ಎಡದಂಡೆ ಕಾಲುವೆ ಬಂದು, ಸುರಪುರ, ಶಹಾಪುರದ ಎಷ್ಟೋ ಹೊಲ ಗದ್ದೆಯಾದವು. ಆಗ ಆಂಧ್ರದ ಕಡೆಯಿಂದ ರೈತರು ಬಂದರು. ನಮ್ಮವರ ಹತ್ತಿರ ಜಮೀನು ಕೊಂಡರು, ಲೀಸಿಗೆ ಹಿಡಿದರು, ಕ್ಯಾಂಪ್ ಕಟ್ಟಿಕೊಂಡು ಭತ್ತ ಬೆಳೆದರು, ಚೆನ್ನಾಗಿ ಬದುಕಿದರು. ಅವರ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ. ಅವರೂ ತಮ್ಮ ರಾಜ್ಯ ಬಿಟ್ಟು ಬಂದವರೇ, ದುಡಿದು ತಿಂದವರೇ. ನನಗೆ ಕಾಡುವ ಪ್ರಶ್ನೆ ಬೇರೆ. ಅದೇ ಮಣ್ಣು, ಅದೇ ಕಾಲುವೆ. ಅವರು ಬಂದು ನಿಂತ ಜಾಗದಿಂದ ನಾವು ಯಾಕೆ ಹೊರಟೆವು? ಗದ್ದೆ ಮಾಡಲು ದುಡ್ಡು ಬೇಕು. ಭೂಮಿ ಸಮ ಮಾಡಿಸಬೇಕು, ಗೊಬ್ಬರ ತರಬೇಕು, ಬೆಳೆ ಬರುವ ತನಕ ಹೊಟ್ಟೆ ತುಂಬಬೇಕು. ಆ ದುಡ್ಡು ನಮ್ಮವರಿಗೆ ಬ್ಯಾಂಕಿನಲ್ಲಿ ಸಿಗಲಿಲ್ಲ, ಸಾಹುಕಾರನ ಹತ್ತಿರ ಸಿಕ್ಕಿತು. ಬಡ್ಡಿ ಬೆಳೆದಷ್ಟು ಬೆಳೆ ಬೆಳೆಯಲಿಲ್ಲ. ಇನ್ನು ಕಾಲುವೆಯ ಕೊನೆಯ ಊರುಗಳಿಗೆ ಎರಡನೇ ಬೆಳೆಗೆ ನೀರು ಬರುವುದು ಪ್ರತಿ ವರ್ಷ ನೀರಾವರಿ ಸಲಹಾ ಸಮಿತಿಯ ಸಭೆ ಆದ ಮೇಲೇ ಗೊತ್ತಾಗುತ್ತದೆ. ವಾರಬಂದಿ ಅನ್ನುತ್ತಾರೆ, ಎಷ್ಟು ದಿನ ಬಿಡುತ್ತಾರೆ, ಎಷ್ಟು ದಿನ ಬಂದ್ ಮಾಡುತ್ತಾರೆ ಅಂತ ಕಾಯುತ್ತಾ ಕೂರಬೇಕು. ಕೂಲಿಗೆ ಜನ ಕರೆದೊಯ್ಯುವ ಮೇಸ್ತ್ರಿ ಅಷ್ಟು ದಿನ ಕಾಯಿಸುವುದಿಲ್ಲ. ಅವನು ದಸರಾ ಹೊತ್ತಿಗೇ ಬಂದು ಮುಂಗಡ ಎಣಿಸಿ ಕೈಗೆ ಇಡುತ್ತಾನೆ.

ಸರ್ಕಾರ ಏನೂ ಮಾಡಿಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟು, ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಲೆಕ್ಕ ಹಾಕಿ ತೋರಿಸಿತು. 2009ರ ಕೊನೆಗೆ ಯಾದಗಿರಿ ರಾಜ್ಯದ 30ನೇ ಜಿಲ್ಲೆ ಆಯಿತು. ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ವಿಧಿ ಬಂತು, ಕೆಲಸದಲ್ಲಿ, ಕಾಲೇಜು ಸೀಟಿನಲ್ಲಿ ಮೀಸಲಾತಿ ಬಂತು. ಇತ್ತೀಚಿನ ಬಜೆಟ್‌ಗಳಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಣೆ ಮಾಡಿದ್ದೀರಿ. ಗೃಹಲಕ್ಷ್ಮಿಯ 2,000 ರೂಪಾಯಿಯಲ್ಲಿ ನನ್ನ ಕಾಕಿ ಬಿಪಿ ಮಾತ್ರೆ ತರುತ್ತಾಳೆ, ಅದನ್ನು ನಾನು ಮರೆಯುವುದಿಲ್ಲ.

ಆದರೆ ಮೀಸಲಾತಿಯ ಕುರ್ಚಿಯ ತನಕ ಹೋಗಬೇಕಾದರೆ ಮೊದಲು ಹತ್ತನೇ ತರಗತಿ ದಾಟಬೇಕು ಅಲ್ವಾ? 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಎಲ್ಲಕ್ಕಿಂತ ಕೆಳಗೆ. ವರ್ಷಕ್ಕೆ ನಾಲ್ಕು ತಿಂಗಳು ಶಾಲೆ ತಪ್ಪಿಸಿಕೊಂಡ ಮಗುವಿಗೆ 371(ಜೆ) ಯಾವ ಬಾಗಿಲು ತೆರೆಯುತ್ತದೆ ಹೇಳಿ. ಯಾದಗಿರಿ ಹತ್ತಿರ ಕಡೇಚೂರು-ಬಾಡಿಯಾಳದಲ್ಲಿ ಕೈಗಾರಿಕೆಗೆ ಅಂತ 3,000 ಎಕರೆಗೂ ಜಾಸ್ತಿ ಜಮೀನು ತೆಗೆದುಕೊಂಡಿರಿ. ರೈಲ್ವೆ ಬೋಗಿ ಭಾಗಗಳ ಕಾರ್ಖಾನೆ ಬಂತು, ಔಷಧ ಮತ್ತು ರಾಸಾಯನಿಕ ಕಂಪನಿಗಳು ಬಂದವು. ಸುತ್ತಲಿನ ಊರಿನವರು ಗಬ್ಬು ವಾಸನೆ ತಡೆಯಲಾಗುತ್ತಿಲ್ಲ ಅಂತ ಎಷ್ಟು ಸಲ ಬೀದಿಗೆ ಇಳಿದಿದ್ದಾರೆ ಅನ್ನುವುದು ನಿಮಗೆ ಗೊತ್ತು. ನಮ್ಮೂರಿನಿಂದ ಅಲ್ಲಿ ಕೆಲಸಕ್ಕೆ ಸೇರಿದವರು ನನಗೆ ಗೊತ್ತಿರುವ ಹಾಗೆ ಇಬ್ಬರೇ. ಪುಣೆಯಲ್ಲಿ ಇರುವವರನ್ನು ಎಣಿಸಲು ನನಗೆ ಬೆರಳು ಸಾಲುವುದಿಲ್ಲ.

ಕೂಲಿಯ ಮಾತಿಗೆ ಬರುತ್ತೇನೆ. ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ಕರ್ನಾಟಕದಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಪುಣೆಯಲ್ಲಿ ಬಿಗಾರಿ, ಅಂದರೆ ಹೊರುವ ಕೆಲಸಕ್ಕೆ ನಮ್ಮವರಿಗೆ ದಿನಕ್ಕೆ 600, 700 ಸಿಗುತ್ತದೆ, ಗೋಡೆ ಕಟ್ಟುವ ಗೌಂಡಿಗೆ ಅದಕ್ಕಿಂತ ಜಾಸ್ತಿ. ಗಂಡ ಹೆಂಡತಿ ಇಬ್ಬರೂ ದುಡಿದರೆ ವಾರಕ್ಕೆ ಖರ್ಚಿ ಕಳೆದು ಒಂದಿಷ್ಟು ಉಳಿಯುತ್ತದೆ. ಇಲ್ಲಿ ಕೆರೆ ಹೂಳು ತೆಗೆದ ದುಡ್ಡು ಖಾತೆಗೆ ಯಾವಾಗ ಬೀಳುತ್ತದೆ ಅಂತ ಪಂಚಾಯಿತಿಗೆ ಅಲೆಯಬೇಕು. ಹೋಗುವವರಿಗೆ ಲೆಕ್ಕ ಚೆನ್ನಾಗಿ ಗೊತ್ತಿದೆ, ಅವರು ದಡ್ಡರಲ್ಲ.

ಅದಕ್ಕೇ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗುಳೆ ನಿಲ್ಲಿಸಿ ಅಂತ ನಾನು ಕೇಳುತ್ತಿಲ್ಲ. ಪ್ರಗತಿ ಪರಿಶೀಲನಾ ಸಭೆಗಳಲ್ಲಿ "ಗುಳೆ ತಡೆಯಿರಿ" ಅಂತ ಅಧಿಕಾರಿಗಳಿಗೆ ತಾಕೀತು ಮಾಡುವುದನ್ನು ಪೇಪರಿನಲ್ಲಿ ಓದುತ್ತೇನೆ. ಓದಿದಾಗೆಲ್ಲ ಸಂಕಟ ಆಗುತ್ತದೆ. ದೇಶದ ಯಾವ ಊರಿಗೆ ಬೇಕಾದರೂ ಹೋಗಿ ಬದುಕುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಪುಣೆ ನಮಗೆ ಅನ್ನ ಕೊಟ್ಟ ಊರು. ನಮ್ಮ ಮನೆಗೆ ಸ್ಲ್ಯಾಬ್ ಬಿದ್ದದ್ದು, ಅಕ್ಕನ ಮದುವೆ ಆದದ್ದು, ನನ್ನ ಬಿ.ಇಡಿ. ಫೀಸು ಕಟ್ಟಿದ್ದು ಎಲ್ಲ ಅಲ್ಲಿಯ ಸಿಮೆಂಟ್ ಹೊತ್ತ ದುಡ್ಡಿನಲ್ಲಿ. ಅಕ್ಕ ಈಗ ಅಲ್ಲೇ ನೆಲೆ ನಿಂತಿದ್ದಾಳೆ. ಆಕೆಯ ಮಗಳು ಮರಾಠಿಯಲ್ಲಿ ಓದಿ, ನರ್ಸಿಂಗ್ ಕಾಲೇಜಿಗೆ ಸೇರಿದ್ದಾಳೆ. ಅಲಾಯಿ ಹಬ್ಬಕ್ಕೆ ಊರಿಗೆ ಬಂದಾಗ ನನ್ನ ಹತ್ತಿರ ಕನ್ನಡ ಅಕ್ಷರ ತಿದ್ದಿಸಿಕೊಳ್ಳುತ್ತಾಳೆ. ಊರು ಬಿಟ್ಟು ಹೋದದ್ದರಿಂದ ಆಕೆಗೆ ಒಳ್ಳೆಯದೇ ಆಯಿತು. ಹೋಗುವವರನ್ನು ಕಟ್ಟಿ ಹಾಕಬೇಡಿ. ನಾನು ಕೇಳುವುದು ಒಂದೇ. ಹೋಗುವವರು ಯಾರು, ಎಲ್ಲಿಗೆ ಹೋದರು, ಯಾರ ಕೈಕೆಳಗೆ ಹೋದರು ಅಂತ ಬರೆದಿಡಿ.

ಬರೆದಿಡದಿದ್ದರೆ ಏನಾಗುತ್ತದೆ ಅಂತ ನಮ್ಮ ಮನೆಯಲ್ಲೇ ನೋಡಿದ್ದೇನೆ.

2017ರ ಫೆಬ್ರವರಿ. ನನ್ನ ಕಾಕಾ ಪುಣೆಯ ಒಂದು ಕಟ್ಟಡದ ಆರನೇ ಮಹಡಿಯಲ್ಲಿ ಹೊರಗಿನ ಪರಾಂಚಿ, ಅಂದರೆ ಬಿದಿರಿನ ಅಟ್ಟಣಿಗೆ ಮೇಲೆ ನಿಂತು ಪ್ಲಾಸ್ಟರ್ ಮಾಡುತ್ತಿದ್ದ. ಬಿದಿರು ಮುರಿಯಿತು. ಸೊಂಟಕ್ಕೆ ಹಗ್ಗ ಇರಲಿಲ್ಲ, ಕೆಳಗೆ ಬಲೆ ಇರಲಿಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ. ಗುತ್ತಿಗೆದಾರನ ಕಡೆಯವರು 40,000 ರೂಪಾಯಿ ಮತ್ತು ಆಂಬುಲೆನ್ಸ್ ಬಾಡಿಗೆ ಕೊಟ್ಟು, ರಾತ್ರೋರಾತ್ರಿ ಊರಿಗೆ ಕಳಿಸಿದರು. ಸೊಲ್ಲಾಪುರ ದಾಟುವಾಗ ಬೆಳಗಾಗಿತ್ತು. ಡ್ರೈವರ್ ಪಕ್ಕ ಕೂತಿದ್ದ ನಮ್ಮ ಕಾಕಿ ಒಂದು ಮಾತೂ ಆಡಲಿಲ್ಲವಂತೆ. ಕಾಕಾನ ಟವೆಲ್ಲು, ಪ್ಲಾಸ್ಟರ್ ಕರಣೆ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಆ ಕರಣೆಗೆ ಹತ್ತಿದ ಸಿಮೆಂಟ್ ಇನ್ನೂ ಹಾಗೇ ಇದೆ.

ಮಣ್ಣು ಮಾಡಿದ ಮೇಲೆ ಓಡಾಟ ಶುರುವಾಯಿತು. ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ ಆಗಬೇಕು, ಅದು ಕಾನೂನು. ಮರಣ ಪತ್ರಕ್ಕೆ ಅಂತ ಕಾಕಿ ಮೂರು ಸಲ ಪುಣೆಗೆ ಹೋದಳು. ಮೊದಲ ಪತ್ರದಲ್ಲಿ ಹೆಸರು ತಪ್ಪಿತ್ತು, ವಿಳಾಸದಲ್ಲಿ ಸೈಟಿನ ಹೆಸರಿತ್ತು. ಅದನ್ನು ಸರಿಪಡಿಸಿಕೊಂಡು ಬರುವ ತನಕ ವಿಧವಾ ವೇತನದ ಅರ್ಜಿ ಇಲ್ಲಿ ಮುಂದೆ ಹೋಗಲಿಲ್ಲ. ಕಟ್ಟಡ ಕಾರ್ಮಿಕರ ಕಾರ್ಡು ಇದೆಯಾ ಅಂತ ಇಲ್ಲಿ ಕೇಳಿದರು. ಕಾರ್ಡಿಗೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ ಸರ್ಟಿಫಿಕೇಟ್ ಬೇಕು. ಅವನ ಕೆಲಸವೆಲ್ಲ ಮಹಾರಾಷ್ಟ್ರದಲ್ಲಿ, ಹಾಗಾಗಿ ಕರ್ನಾಟಕದ ಕಾರ್ಡು ಇರಲಿಲ್ಲ. ಅಲ್ಲಿ ಕೇಳಿದರೆ, ಅಲ್ಲಿಯ ಮಂಡಳಿಯಲ್ಲೂ ಅವನ ಹೆಸರಿಲ್ಲ. ಇಪ್ಪತ್ತೆರಡು ವರ್ಷ ಎರಡು ರಾಜ್ಯದ ನಡುವೆ ದುಡಿದವನು ಎರಡೂ ಕಡೆ ಇರಲಿಲ್ಲ.

ಅವನು ಅಲ್ಲಿ ಕೆಲಸ ಮಾಡುತ್ತಿದ್ದ ಅನ್ನುವುದಕ್ಕೆ ಏನಾದರೂ ದಾಖಲೆ ಕೊಡಿ ಅಂತ ವಕೀಲರು ಕೇಳಿದರು. ನಾನು ಮೇಸ್ತ್ರಿಯ ಮನೆಗೆ ಹೋದೆ. ಅವನೂ ನಮ್ಮ ಕಡೆಯವನೇ, ಪಾಪ, ಅವನೂ ಹೆದರಿದ್ದ. ತನ್ನ ಚಿಕ್ಕ ಡೈರಿ ತೆಗೆದು ತೋರಿಸಿದ. ಶನಿವಾರದ ಬಟವಾಡೆಯ ಲೆಕ್ಕ ಬರೆದ ಡೈರಿ. ಪುಟದ ತುಂಬ ಹೆಸರುಗಳೇ ಇಲ್ಲ. "ಯಾದಗೀರ್ 1, ಯಾದಗೀರ್ 2, ಯಾದಗೀರ್ 3" ಅಂತ ಸಾಲಾಗಿ ಬರೆದು, ಮುಂದೆ ದಿನಕ್ಕೊಂದು ಗೀಟು. "ಇದರಾಗ ನಮ್ಮ ಕಾಕಾ ಯಾವುದು?" ಅಂತ ಕೇಳಿದೆ. ಬೆರಳಿಟ್ಟು ತೋರಿಸಿದ. ಯಾದಗೀರ್ 6. ಆ ವಾರದಲ್ಲಿ ನಾಲ್ಕು ಗೀಟು ಇದ್ದವು, ಐದನೆಯದು ಇರಲಿಲ್ಲ.

ಆಮೇಲೆ ಗೊತ್ತಾಯಿತು, ಆಗಿನ 1923ರ ಪರಿಹಾರ ಕಾಯ್ದೆಯ ಪ್ರಕಾರ ನಾವು ಇರುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದಿತ್ತು, ಪುಣೆಗೆ ಅಲೆಯಬೇಕಿರಲಿಲ್ಲ. ನಮಗೆ ಅದನ್ನು ಹೇಳಿದವರು ಯಾರೂ ಇರಲಿಲ್ಲ. ಅರ್ಜಿಗೆ ಎರಡು ವರ್ಷದ ಗಡುವು, ಅದು ದಾಟಿ ಹೋಗಿತ್ತು. ನಾನು ಓದಿದವನು ಅಂತ ಮನೆಯವರೆಲ್ಲ ನನ್ನನ್ನು ನಂಬಿದ್ದರು. ಆ ನೋವು ನನಗೆ ಇನ್ನೂ ಹೋಗಿಲ್ಲ.

ಸ್ವಾಮಿ, ಕಾನೂನು ಇರಲಿಲ್ಲ ಅಂತಲ್ಲ. 1979ರಲ್ಲೇ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂದಿತ್ತು. ಒಂದು ರಾಜ್ಯದಿಂದ ಕೂಲಿಗಳನ್ನು ಇನ್ನೊಂದು ರಾಜ್ಯಕ್ಕೆ ಕರೆದೊಯ್ಯುವ ಗುತ್ತಿಗೆದಾರ ಲೈಸೆನ್ಸ್ ತೆಗೆದುಕೊಳ್ಳಬೇಕು. ಪ್ರತಿಯೊಬ್ಬರಿಗೂ ಫೋಟೋ ಇರುವ ಪಾಸ್‌ಬುಕ್ ಕೊಡಬೇಕು. ಹೋಗಿ ಬರುವ ಖರ್ಚು ಕೊಡಬೇಕು. ಆ ಪಾಸ್‌ಬುಕ್ ಕೂಲಿಯವನ ಭಾಷೆಯಲ್ಲೂ ಇರಬೇಕು ಅಂತ ಬರೆದಿತ್ತು. ನಮ್ಮ ಕಾಕಾನಿಗೆ ಕನ್ನಡದಲ್ಲಿ ಬರೆದ ಒಂದು ಪಾಸ್‌ಬುಕ್ ಸಿಗಬೇಕಿತ್ತು! ನಲವತ್ತು ವರ್ಷ ಆ ಕಾಯ್ದೆ ಇತ್ತು, ನಾನು ಅಂಥ ಒಂದು ಪಾಸ್‌ಬುಕ್ಕನ್ನು ಕಣ್ಣಿಂದ ನೋಡಿಲ್ಲ. ಈಗ ಅದು 2020ರ ಹೊಸ ಕಾರ್ಮಿಕ ಸಂಹಿತೆಯಲ್ಲಿ ಸೇರಿಹೋಗಿದೆ. ದುಡಿಯುವ ರಾಜ್ಯದಲ್ಲೇ ಕಟ್ಟಡ ಕಾರ್ಮಿಕರ ಸೌಲಭ್ಯ ಸಿಗಬೇಕು ಅಂತ ಅದರಲ್ಲೂ ಒಳ್ಳೆಯ ಮಾತಿದೆ. ಆದರೆ ಡೈರಿಯಲ್ಲಿ "ಯಾದಗೀರ್ 6" ಅಂತ ಇರುವವನಿಗೆ ಯಾವ ಸಂಹಿತೆ ಏನು ಕೊಡುತ್ತದೆ?

ಇಷ್ಟೊಂದು ಜನರನ್ನು ಎಣಿಸುವುದು ಆಗುವ ಮಾತಾ ಅಂತ ನಿಮ್ಮ ಅಧಿಕಾರಿಗಳು ಕೇಳಬಹುದು. ಆಗುತ್ತದೆ. ಎರಡು ಸಲ ಆಗಿದ್ದನ್ನು ನಾನೇ ನೋಡಿದ್ದೇನೆ.

ಮೊದಲನೆಯದು 2020ರ ಮೇ ತಿಂಗಳು. ಲಾಕ್‌ಡೌನ್‌ನಲ್ಲಿ ಕೆಲಸ ನಿಂತು ನಮ್ಮವರೆಲ್ಲ ಮಹಾರಾಷ್ಟ್ರದಿಂದ ತಿರುಗಿ ಬಂದರು. ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ ಪಾಸ್ ಪಡೆದವರು ಬಂದರು, ಪಾಸ್ ಸಿಗದವರು ಲಾರಿ ಹತ್ತಿ, ನಡೆದು ಬಂದರು. ಮೇ 18ಕ್ಕೆ ಸರ್ಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ತಿಂಗಳ ಕೊನೆಯವರೆಗೆ ಯಾರನ್ನೂ ಬಿಡುವುದಿಲ್ಲ ಅಂದಿತು. ರೋಗದ ಭಯ ಇತ್ತು, ಗೊತ್ತು. ಆದರೂ ನಮ್ಮ ರಾಜ್ಯದ ಬಾಗಿಲು ನಮ್ಮವರಿಗೇ ಮುಚ್ಚಿದ ದಿನ ಅದು. ಊರಿನವರೂ ಹೆದರಿ ದಾರಿಗೆ ಮುಳ್ಳು ಹಚ್ಚಿದರು. ನಮ್ಮ ಶಾಲೆಯನ್ನೇ ಕ್ವಾರಂಟೈನ್ ಮಾಡಿದರು. ಅಕ್ಕ ಮಗಳ ಜೊತೆ ಹದಿನಾಲ್ಕು ದಿನ ಎಂಟನೇ ತರಗತಿಯ ಕೋಣೆಯಲ್ಲಿ ಇದ್ದಳು. ನಾನು ಕಿಟಕಿಯಿಂದ ಬುತ್ತಿ ಕೊಡುತ್ತಿದ್ದೆ. ಆ ಒಂದು ತಿಂಗಳಲ್ಲಿ ಪಂಚಾಯಿತಿಯವರು, ಆಶಾ ಕಾರ್ಯಕರ್ತೆಯರು, ಕಂದಾಯ ಇಲಾಖೆಯವರು ಬಂದವರ ಹೆಸರು, ವಯಸ್ಸು, ಯಾವ ಊರಿನಿಂದ ಬಂದರು, ಏನು ಕೆಲಸ, ಫೋನ್ ನಂಬರು, ಯಾವ ಗಾಡಿಯಲ್ಲಿ ಬಂದರು ಎಲ್ಲ ಬರೆದರು. ಒಬ್ಬರನ್ನೂ ಬಿಡಲಿಲ್ಲ. ಆ ಪುಸ್ತಕಗಳು ಈಗ ಎಲ್ಲಿವೆ? ಅದನ್ನೇ ಮುಂದುವರಿಸಿದ್ದರೆ ಸಾಕಿತ್ತು.

ಎರಡನೆಯದು ಚುನಾವಣೆ. 2023ರ ಮೇ 10ರ ಮತದಾನಕ್ಕೆ ಎರಡು ದಿನ ಇರುವಾಗ ವಾಘೋಲಿಯ ಶೆಡ್ಡುಗಳ ಮುಂದೆ ಬಸ್ಸು ಬಂದು ನಿಂತವು. ಯಾವ ಪಕ್ಷ ಅಂತ ನಾನು ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ. 2024ರ ಮೇ 7ಕ್ಕೂ ಬಂದವು. ಯಾವ ಸೈಟಿನಲ್ಲಿ ಯಾವ ಊರಿನ ಎಷ್ಟು ವೋಟು ಇದೆ, ಯಾರ ಫೋನಿಗೆ ಮಾಡಿದರೆ ಹತ್ತು ಜನ ಬರುತ್ತಾರೆ ಅಂತ ಅವರ ಹತ್ತಿರ ಪಟ್ಟಿ ಇತ್ತು. ಅಕ್ಕನಿಗೂ ಫೋನ್ ಬಂದಿತ್ತು, ಹೆಸರು ಹಿಡಿದು ಕರೆದರಂತೆ. "ಆ ಪಟ್ಟೀನ ಕಾಕಾ ಸತ್ತಾಗ ಸಿಕ್ಕಿದ್ರ ಎಷ್ಟ್ ಚಲೋ ಇತ್ತು ತಮ್ಮಾ" ಅಂದಳು. ನಾನು ಏನೂ ಹೇಳಲಿಲ್ಲ.

ಹಾಗಾಗಿ ನಮ್ಮ ಹೆಸರು ಹುಡುಕುವುದು ಕಷ್ಟದ ಕೆಲಸ ಅಂತ ದಯವಿಟ್ಟು ಹೇಳಬೇಡಿ.

ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಂದು ಗುಳೆ ಪುಸ್ತಕ ಇಡಿಸಿ. ದಸರಾದಿಂದ ಎಳ್ಳ ಅಮಾಸಿವರೆಗೆ ಹೋಗುವವರ ಹೆಸರು, ಹೋಗುವ ಊರು, ಮೇಸ್ತ್ರಿಯ ಹೆಸರು, ಕೊಟ್ಟ ಮುಂಗಡ ಎಷ್ಟು ಅಂತ ಬರೆಯಲಿ. ಬರೆಸಿದವರಿಗೆ ಒಂದು ಚೀಟಿ ಕೊಡಲಿ, ಕನ್ನಡದಲ್ಲಿ ಒಂದು ಕಡೆ, ಮರಾಠಿಯಲ್ಲಿ ಇನ್ನೊಂದು ಕಡೆ. ಜನ ಬರೆಸುತ್ತಾರಾ ಅಂತ ಅನುಮಾನ ಬೇಡ. ಆದರೆ ಬರೆಸಿದರೆ ರೇಷನ್ ಕಾರ್ಡ್ ರದ್ದಾಗುತ್ತದೆ, ಮನೆ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ ಅನ್ನುವ ಭಯ ಇದೆ, ಆ ಭಯವನ್ನು ನೀವೇ ಬಾಯಿಬಿಟ್ಟು ತೆಗೆಯಬೇಕು. 2020ರ ಜನವರಿಯಿಂದ ನಮ್ಮ ರೇಷನ್ ಕಾರ್ಡಿನ ಮೇಲೆ ಮಹಾರಾಷ್ಟ್ರದಲ್ಲೂ ಅಕ್ಕಿ ತೆಗೆದುಕೊಳ್ಳಬಹುದು ಅನ್ನುವುದು ನಮ್ಮ ಓಣಿಯಲ್ಲಿ ಅರ್ಧಕ್ಕರ್ಧ ಜನರಿಗೆ ಇನ್ನೂ ಗೊತ್ತಿಲ್ಲ. ಆ ಚೀಟಿಯ ಹಿಂದೆ ಅದನ್ನು ಅಚ್ಚು ಹಾಕಿಸಿ.

ಮಕ್ಕಳ ವಿಷಯ ಇನ್ನೂ ಅವಸರದ್ದು. ಅಪ್ಪ ಅವ್ವ ಗುಳೆ ಹೋದ ಮಕ್ಕಳು ಇಲ್ಲೇ ಉಳಿದು ಓದಲಿ ಅಂತ ಹಂಗಾಮಿನ ವಸತಿ ಶಾಲೆ ನಡೆಸಲು ಅವಕಾಶ ಇದೆ, ನಮ್ಮ ಕಡೆ ಕೆಲವು ವರ್ಷ ನಡೆದದ್ದೂ ಇದೆ. ಆದರೆ ನಮ್ಮೂರಿನ ಹತ್ತಿರ ಅದು ತೆರೆದಾಗ ಜನವರಿ ಬಂದಿತ್ತು, ಮಕ್ಕಳು ಹೋಗಿ ಎರಡು ತಿಂಗಳಾಗಿತ್ತು. ದಸರಾ ರಜೆ ಮುಗಿಯುವ ದಿನವೇ ಅದರ ಬಾಗಿಲು ತೆರೆದಿರಬೇಕು. ಹೆಣ್ಣುಮಕ್ಕಳನ್ನು ನಂಬಿ ಬಿಟ್ಟು ಹೋಗಬೇಕಾದರೆ ಅಲ್ಲಿ ರಾತ್ರಿ ಇರುವ ಒಬ್ಬ ಹೆಂಗಸು, ಗಟ್ಟಿ ಬಾಗಿಲು, ಸಂಡಾಸು ಇರಬೇಕು. ಕೂಸು ನೋಡಿಕೊಳ್ಳಲು ಅಂತ ಕರೆದೊಯ್ಯುವ ಹುಡುಗಿಯರಿಗೆ ಇದರಿಂದಲೂ ಪೂರ್ತಿ ದಾರಿ ಆಗುವುದಿಲ್ಲ, ಆ ಸೈಟುಗಳಲ್ಲಿ ಕೂಸುಗಳಿಗೆ ತೊಟ್ಟಿಲ ಮನೆ ಇದ್ದರೆ ಮಾತ್ರ ಆಗುತ್ತದೆ. ಅದನ್ನು ಮಹಾರಾಷ್ಟ್ರ ಸರ್ಕಾರದ ಜೊತೆ ನೀವು ಮಾತಾಡಬೇಕು. ನೀರಿನ ಬಗ್ಗೆ, ಗಡಿಯ ಬಗ್ಗೆ ಎಷ್ಟೋ ಮಾತುಕತೆ ಆಗಿವೆ. ನಮ್ಮ ಬಗ್ಗೆಯೂ ಒಂದು ಆಗಲಿ.

ಇನ್ನೊಂದು ಕೇಳಿಕೆ. ವಿದೇಶದಲ್ಲಿರುವ ಕನ್ನಡಿಗರ ಕಷ್ಟ ಕೇಳಲು ಸರ್ಕಾರದಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ. ಇರಬೇಕಾದದ್ದೇ. ಅದೇ ರೀತಿ ಪುಣೆ, ಮುಂಬೈ, ಗೋವಾ, ಹೈದರಾಬಾದಿನಲ್ಲಿ ಒಂದೊಂದು ಕೋಣೆ, ಒಬ್ಬ ಕಾರ್ಮಿಕ ಅಧಿಕಾರಿ, ಕನ್ನಡ ಮಾತಾಡುವ ಒಂದು ಫೋನ್ ನಂಬರು ಕೊಡಿ. ಯಾರಾದರೂ ಬಿದ್ದರೆ, ಸತ್ತರೆ, ಮೇಸ್ತ್ರಿ ಕೂಲಿ ಕೊಡದೆ ಓಡಿಹೋದರೆ, ಅರ್ಜಿ ಎಲ್ಲಿ ಹಾಕಬೇಕು, ಗಡುವು ಎಷ್ಟು ಅಂತ ಹೇಳುವವರು ಇರಲಿ. ಮರಣ ಪತ್ರವನ್ನು ಆ ಕಚೇರಿಯೇ ತರಿಸಿ ಊರಿಗೆ ಕಳಿಸಲಿ. ನನ್ನ ಕಾಕಿ ಮೂರು ಸಲ ಹೋದ ಹಾಗೆ ಇನ್ನೊಬ್ಬಳು ಹೋಗುವುದು ಬೇಡ.

ಕಾಲುವೆ, ಕಾರ್ಖಾನೆ, ಕಾಲೇಜು ಎಲ್ಲ ಬೇಕು, ಅದಕ್ಕೆ ವರ್ಷಗಳು ಹಿಡಿಯುತ್ತವೆ. ಪುಸ್ತಕ ಇಡಲು ಅಷ್ಟು ಹಿಡಿಯುವುದಿಲ್ಲ.

ಈ ವರ್ಷದ ದೀಪಾವಳಿ ಆದ ವಾರ ಯಾದಗಿರಿ ರೈಲ್ವೆ ಸ್ಟೇಷನ್ನಿಗೆ ಒಬ್ಬ ಗುಮಾಸ್ತರನ್ನು, ಒಂದು ಟೇಬಲ್ಲು, ಒಂದು ಪುಸ್ತಕ ಕೊಟ್ಟು ಕಳಿಸಿ. ಟಿಕೆಟ್ ಕೌಂಟರಿನ ಎದುರು, ಜನ ಗಂಟುಮೂಟೆ ಇಟ್ಟುಕೊಂಡು ಕೂರುವ ಜಾಗದಲ್ಲಿ ಟೇಬಲ್ಲು ಹಾಕಲಿ. ಬರೆಯಲು ಒಬ್ಬರೇ ಸಾಲದಿದ್ದರೆ ಶಾಲೆ ಬಿಟ್ಟ ಮೇಲೆ ನಾನೂ ಬರುತ್ತೇನೆ, ಸಂಬಳ ಬೇಡ. ನನ್ನ ತರಗತಿಯ ಹದಿನೈದು ಮಕ್ಕಳ ಹೆಸರು ನನಗೆ ಬಾಯಿಪಾಠ ಇದೆ, ಅಲ್ಲಿಂದಲೇ ಶುರು ಮಾಡೋಣ.

ಇಂತಿ ನಿಮ್ಮ ವಿಶ್ವಾಸಿ,
ಸುರಪುರ ತಾಲ್ಲೂಕಿನ ಒಬ್ಬ ಅತಿಥಿ ಶಿಕ್ಷಕ